ಬೆಳಗಿನ ಮೊದಲ ಸೆಲ್ಫ್‌ಗೆ ಮೀಟರ್ ಬೋರ್ಡ್ ಯಾಕೆ ಮೂಕಾಗುತ್ತೆ?

ಓದುಗರ ಪ್ರಶ್ನೆ: "ಸಾರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಆರು ವರ್ಷದ ಡೀಸೆಲ್ ಪಿಕಪ್ ಇದೆ. ಈ ಸಲ ಕೊಯ್ಲು ಶುರುವಾದಾಗಿನಿಂದ ಒಂದು ಕಾಟ. ಬೆಳಿಗ್ಗೆ ಮೊದಲ ಸಲ ಸೆಲ್ಫ್ ಹೊಡೆದಾಗ ಮೀಟರ್ ಬೋರ್ಡ್ ಒಮ್ಮೆ ಆರಿ ಹತ್ತುತ್ತದೆ. ಇಂಜಿನ್, ಎಬಿಎಸ್, ಸ್ಟೀರಿಂಗ್ ಮೂರೂ ದೀಪ ಹಾಗೇ ಉಳಿದುಬಿಡುತ್ತವೆ. ಕೆಲವು ದಿನ ಗಾಡಿ ಹೊರಟ ಮೇಲೂ ಸ್ಪೀಡ್ ಮುಳ್ಳು ಏಳುವುದಿಲ್ಲ. ಕೀ ಆಫ್ ಮಾಡಿ ಮತ್ತೆ ಹಾಕಿದರೆ ಎಲ್ಲಾ ಸರಿ. ಮಧ್ಯಾಹ್ನ ಹತ್ತು ಸಲ ಸ್ಟಾರ್ಟ್ ಮಾಡಿದರೂ ಏನೂ ಆಗಲ್ಲ. ಸ್ಕ್ಯಾನರ್ ಹಾಕಿದಾಗ ಯು0121, ಯು0155, ಪಿ0562 ಬಂತು. ಒಂದು ಕಡೆ 'ಇಸಿಯು ಒಳಗೆ ಕ್ಯಾನ್ ಚಿಪ್ ಹೋಗಿದೆ, ಇಸಿಯು ಬದಲಿಸಬೇಕು' ಎಂದರು. ಇನ್ನೊಬ್ಬರು ಬ್ಯಾಟರಿ ನೋಡಿ '12.4 ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿದೆ' ಎಂದರು. ಆನೆ ಕಾಟ ಅಂತ ಹೋದ ವರ್ಷ ಮುಂದೆ ಎಲ್‌ಇಡಿ ಬಾರ್ ಹಾಕಿಸಿದ್ದೆ. ಜಿಪಿಎಸ್ ಟ್ರ್ಯಾಕರ್ ಕೂಡ ಇದೆ. ವೋಲ್ಟೇಜ್ ಕಡಿಮೆಯಾದರೆ ಚಿಪ್ ಸುಡುತ್ತಾ? ಚಿಪ್ ಒಂದನ್ನೇ ಬದಲಿಸಬಹುದಾ? ಇಸಿಯು ಹಾಕಿಸಲೇಬೇಕಾ?"

ಉತ್ತರ: ಇಸಿಯುಗೆ, ಅಂದರೆ ಗಾಡಿಯ ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆಗೆ, ಈಗಲೇ ದುಡ್ಡು ಕಟ್ಟಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಮಾತ್ರ ಬರುತ್ತೆ, ಮಧ್ಯಾಹ್ನ ಬರಲ್ಲ. ಕೀ ಆಫ್ ಮಾಡಿದರೆ ಹೋಗುತ್ತೆ. ಜೊತೆಗೆ ಪಿ0562 ಇದೆ. ಅದರ ಅರ್ಥ 'ಗಾಡಿಯ ವೋಲ್ಟೇಜ್ ಕಡಿಮೆ' ಅಂತ. ಯು0121 ಅಂದರೆ 'ಎಬಿಎಸ್ ಜೊತೆ ಮಾತು ತಪ್ಪಿತು', ಯು0155 ಅಂದರೆ 'ಮೀಟರ್ ಬೋರ್ಡ್ ಜೊತೆ ಮಾತು ತಪ್ಪಿತು'. ಗಮನಿಸಿ, 'ಎಬಿಎಸ್ ಹಾಳಾಗಿದೆ' ಅಂತ ಯಾವ ಕೋಡೂ ಹೇಳುತ್ತಿಲ್ಲ. ಪಕ್ಕದ ಮನೆಯವರು ಫೋನ್ ಎತ್ತಲಿಲ್ಲ ಅನ್ನುವುದಕ್ಕೂ ಅವರಿಗೆ ಹುಷಾರಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ನಾನು ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಇಸಿಯು ಟೆಸ್ಟಿಂಗ್ ಕೆಲಸ ಮಾಡಿ, ಈಗ ಹಾಸನದ ಬಿ.ಎಂ. ರಸ್ತೆ ಬದಿಯಲ್ಲಿ ವಾಹನಗಳ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತೇನೆ. 'ಇಸಿಯು ಹೋಗಿದೆ' ಅಂತ ನನ್ನ ಬೆಂಚಿಗೆ ಬರುವ ಪೆಟ್ಟಿಗೆಗಳಲ್ಲಿ ಎಷ್ಟೋ ಪೆಟ್ಟಿಗೆಗಳಿಗೆ ಏನೂ ಆಗಿರುವುದಿಲ್ಲ. ಗಾಡಿಯಲ್ಲಿ ಅದಕ್ಕೆ ಸಿಗಬೇಕಾದ ವೋಲ್ಟೇಜ್ ಸಿಕ್ಕಿರುವುದಿಲ್ಲ, ಅಷ್ಟೇ.

ಮೊದಲು ಆ ಚಿಪ್‌ನ ಕೆಲಸ ಏನು ಅಂತ ನೋಡೋಣ. ಇಂಜಿನ್, ಎಬಿಎಸ್, ಸ್ಟೀರಿಂಗ್, ಮೀಟರ್ ಬೋರ್ಡ್ ಇವೆಲ್ಲ ಎರಡು ಹೆಣೆದ ವೈರ್‌ಗಳ ಮೇಲೆ ಮಾತಾಡಿಕೊಳ್ಳುತ್ತವೆ. ಇದೇ ಕ್ಯಾನ್ ಲೈನ್. ಬಾಷ್ ಕಂಪನಿ 1986ರಲ್ಲಿ ಹೊರತಂದ ಪದ್ಧತಿ ಇದು. ಯಾರೂ ಮಾತಾಡದಿದ್ದಾಗ ಎರಡೂ ವೈರ್ ಸುಮಾರು 2.5 ವೋಲ್ಟ್‌ನಲ್ಲಿ ನಿಂತಿರುತ್ತವೆ. ಮಾತಾಡುವಾಗ ಒಂದು 3.5ಕ್ಕೆ ಏರುತ್ತೆ, ಇನ್ನೊಂದು 1.5ಕ್ಕೆ ಇಳಿಯುತ್ತೆ. ಎರಡರ ನಡುವಿನ ಆ 2 ವೋಲ್ಟ್ ಅಂತರವೇ ಮಾತು. ಈ ಏರಿಸುವ ಇಳಿಸುವ ಕೆಲಸ ಟ್ರಾನ್ಸೀವರ್ ಚಿಪ್‌ನದು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಎಂಟು ಕಾಲು. ಪ್ರತಿ ಪೆಟ್ಟಿಗೆಯಲ್ಲೂ ಇಂಥದ್ದೊಂದು ಕೂತಿರುತ್ತೆ.

ಈ ಚಿಪ್‌ಗೆ 5 ವೋಲ್ಟ್ ಬೇಕು. ಸಾಮಾನ್ಯವಾಗಿ 4.5ರಿಂದ 5.5ರ ಒಳಗೆ ಮಾತ್ರ ಸರಿಯಾಗಿ ಮಾತಾಡುತ್ತೇನೆ ಅಂತ ಅದು ಮಾತು ಕೊಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ? ಇಲ್ಲೇ ಜನಕ್ಕೆ ಗೊಂದಲ.

ನಮ್ಮ ಕಡೆ ತೋಟದವರಿಗೆಲ್ಲ ಒಂದು ಭಯ ಇದೆ, ಲೋ ವೋಲ್ಟೇಜ್ ಬಂದರೆ ಸುಡುತ್ತೆ ಅಂತ. ಅದು ಸುಮ್ನೆ ಬಂದ ಭಯ ಅಲ್ಲ. ಪಂಪ್‌ಸೆಟ್ ಮೋಟರ್‌ಗೆ ವೋಲ್ಟೇಜ್ ಕಡಿಮೆಯಾದರೆ ಅದು ಕರೆಂಟ್ ಜಾಸ್ತಿ ಎಳೆದು ಬಿಸಿಯಾಗಿ ಕಾಯಿಲ್ ಸುಟ್ಟುಕೊಳ್ಳುತ್ತೆ, ನಿಜ. ಆದರೆ ಆ ಲೆಕ್ಕ ಇಲ್ಲಿಗೆ ತರಬೇಡಿ. ಕ್ಯಾನ್ ಚಿಪ್ ಆ ಮೋಟರ್ ಥರ ಅಲ್ಲ. ಅದು ಮೋಟರ್ ಪಕ್ಕದ ಸ್ಟಾರ್ಟರ್ ಡಬ್ಬಿಯೊಳಗಿನ ನೋವೋಲ್ಟ್ ಕಾಯಿಲ್ ಥರ. ಕರೆಂಟ್ ಕುಸಿದ ತಕ್ಷಣ ಕಾಯಿಲ್ 'ಟಕ್' ಅಂತ ಬಿಡುತ್ತೆ. ಬಿಟ್ಟಿತು ಅಂತ ಯಾರೂ ಸ್ಟಾರ್ಟರ್ ಬಿಸಾಡುವುದಿಲ್ಲ.

ಈಗಿನ ಚಿಪ್‌ಗಳು ಮಾಡುವುದೂ ಅದನ್ನೇ. ತನ್ನ 5 ವೋಲ್ಟ್ ಕುಸಿದು ಒಂದು ಗಡಿ ದಾಟಿತು ಅಂದರೆ ಚಿಪ್ ತನ್ನ ಕೈ ಎರಡನ್ನೂ ಲೈನಿನಿಂದ ತೆಗೆದುಬಿಡುತ್ತೆ. ಈ ಗಡಿ ಚಿಪ್‌ನಿಂದ ಚಿಪ್‌ಗೆ ಬೇರೆ, ಸಾಮಾನ್ಯವಾಗಿ 3.5ರಿಂದ 4.5 ವೋಲ್ಟ್ ನಡುವೆ ಎಲ್ಲೋ ಇರುತ್ತೆ. ಆಗ ಅದು ಕಳಿಸುವುದೂ ಇಲ್ಲ, ಬೇರೆಯವರ ಮಾತಿಗೆ ಅಡ್ಡ ಬರುವುದೂ ಇಲ್ಲ. ಅರ್ಧ ಶಕ್ತಿಯಲ್ಲಿ ತೊದಲಿ ಇಡೀ ಲೈನ್ ಕೆಡಿಸುವ ಬದಲು ಬಾಯಿ ಮುಚ್ಚಿಕೊಳ್ಳುವುದು ಮೇಲು ಅಂತ ಹಾಗೆ ಮಾಡಿದ್ದಾರೆ. ಹಳೆಯ ಕಾಲದ ಕೆಲವು ಚಿಪ್‌ಗಳಿಗೆ ಈ ಬುದ್ಧಿ ಇರಲಿಲ್ಲ. ಕರೆಂಟ್ ಇಲ್ಲದೆ ಸತ್ತು ಕೂತರೂ ಲೈನನ್ನು ಎಳೆದು ಹಿಡಿಯುತ್ತಿದ್ದವು. ಆಮೇಲೆ ಬಂದ ಟಿಜೆಎ1040ರಂಥವು ಕರೆಂಟ್ ಹೋದಾಗ ಲೈನಿಗೆ ಭಾರವಾಗದೆ ಸುಮ್ಮನಿರಲು ಕಲಿತವು.

ಹಾಗಾದರೆ 12 ವೋಲ್ಟ್ ಗಾಡಿಯಲ್ಲಿ 5 ವೋಲ್ಟ್‌ಗೆ ಯಾಕೆ ಬರ? ಒಂದು ಉದಾಹರಣೆ ಲೆಕ್ಕ ಹಾಕೋಣ. ಬೆಳಿಗ್ಗೆ ತಣ್ಣಗಿನ ಡೀಸೆಲ್ ಇಂಜಿನ್. ಮೊದಲು ಹೀಟರ್ ಪ್ಲಗ್‌ಗಳು ಹತ್ತಾರು ಆಂಪಿಯರ್ ಎಳೆದಿರುತ್ತವೆ. ಆಮೇಲೆ ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತೆ. ದಣಿದ ಬ್ಯಾಟರಿ ಆ ಕ್ಷಣ 7.2 ವೋಲ್ಟ್‌ಗೆ ಕುಸಿಯಿತು ಅನ್ನಿ. ಪ್ಲಸ್ ಕಡೆಯ ವೈರ್, ಫ್ಯೂಸ್, ರಿಲೇಯಲ್ಲಿ 0.3 ಹೋಯಿತು. ತುಕ್ಕು ಹಿಡಿದ ಅರ್ಥ್‌ನಲ್ಲಿ, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿಯಲ್ಲಿ, 0.9 ಹೋಯಿತು. ಪೆಟ್ಟಿಗೆಗೆ ಮುಟ್ಟಿದ್ದು 6. ಒಳಗೆ, ಉಲ್ಟಾ ಕನೆಕ್ಷನ್‌ನಿಂದ ಕಾಪಾಡುವ ಡಯೋಡ್ 0.7 ತಿನ್ನುತ್ತೆ. 12 ವೋಲ್ಟನ್ನು 5ಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್ ತನ್ನ ಪಾಲು ಅಂತ ಅರ್ಧ ವೋಲ್ಟ್ ಕೇಳುತ್ತೆ. ಉಳಿದದ್ದು 4.8. ಗಡಿಯ ಮೇಲೇ ನಿಂತಿದೆ. ಬ್ಯಾಟರಿ ಇನ್ನೂ ಅರ್ಧ ಮುಕ್ಕಾಲು ವೋಲ್ಟ್ ಇಳಿದರೆ ಚಿಪ್ ಬಾಯಿ ಮುಚ್ಚಿತು.

ಅದೇ ಲೆಕ್ಕದಲ್ಲಿ ಅರ್ಥ್ ಮಾತ್ರ ಉಜ್ಜಿ ಸರಿಮಾಡಿ, 0.9 ಇದ್ದದ್ದನ್ನು 0.1 ಮಾಡಿ ನೋಡಿ. ಅದೇ ದಣಿದ ಬ್ಯಾಟರಿಯಲ್ಲೂ ಪೆಟ್ಟಿಗೆಗೆ 6.8 ಸಿಗುತ್ತೆ. 5 ವೋಲ್ಟ್ ಅಲ್ಲಾಡುವುದಿಲ್ಲ.

ಈಗ ತಮಾಷೆ ಕೇಳಿ. ಪೆಟ್ಟಿಗೆಯೊಳಗಿನ ಮೆದುಳು, ಅಂದರೆ ಮೈಕ್ರೋಕಂಟ್ರೋಲರ್, ಎಷ್ಟೋ ಕಡೆ 3.3 ವೋಲ್ಟ್‌ನಲ್ಲಿ ಓಡುತ್ತೆ. 5 ವೋಲ್ಟ್ ಕುಸಿದರೂ 3.3 ಗಟ್ಟಿಯಾಗಿರುತ್ತೆ. ಹಾಗಾಗಿ ಮೆದುಳು ಎಚ್ಚರ ಇದೆ, ಬಾಯಿ ಕಿವಿ ಮುಚ್ಚಿದೆ. ಮೆದುಳಿಗೆ ಅದು ಗೊತ್ತಿಲ್ಲ. ಮೆಸೇಜ್ ಕಳಿಸುತ್ತೆ. ತಾನು ಕಳಿಸಿದ್ದು ತನಗೇ ವಾಪಸ್ ಕೇಳಿಸಬೇಕು, ಕೇಳಿಸಲ್ಲ. 'ತಪ್ಪಾಯ್ತು' ಅಂತ ಲೆಕ್ಕದಲ್ಲಿ 8 ಸೇರಿಸುತ್ತೆ. ಮತ್ತೆ ಪ್ರಯತ್ನ, ಮತ್ತೆ 8. ಲೆಕ್ಕ 255 ದಾಟಿದರೆ ಕ್ಯಾನ್ ನಿಯಮದ ಪ್ರಕಾರ ಆ ಪೆಟ್ಟಿಗೆ ತನ್ನನ್ನು ತಾನೇ ಲೈನಿನಿಂದ ಹೊರಗೆ ಹಾಕಿಕೊಳ್ಳಬೇಕು. ಇದಕ್ಕೆ ಬಸ್-ಆಫ್ ಅಂತಾರೆ. 32 ತಪ್ಪು ಸಾಕು. ಸೆಕೆಂಡಿಗೆ 5 ಲಕ್ಷ ಬಿಟ್ ಓಡುವ ಲೈನಿನಲ್ಲಿ 32 ತಪ್ಪಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ವಾಪಸ್ ಬರಲು ನಿಯಮ ಕೇಳುವುದು ಕಡಿಮೆಯೇ. 11 ಬಿಟ್‌ಗಳ ಮೌನ 128 ಸಲ ಸಿಗಬೇಕು. ಅಷ್ಟಕ್ಕೆ 3 ಮಿಲಿಸೆಕೆಂಡ್ ಕೂಡ ಬೇಡ. ಆದರೆ ಸಿಕ್ಕ ತಕ್ಷಣ ವಾಪಸ್ ಬರಬೇಕೋ, ಸ್ವಲ್ಪ ಕಾಯಬೇಕೋ, ಕೀ ಆಫ್ ಆಗುವ ತನಕ ಹಾಗೇ ಇರಬೇಕೋ ಅನ್ನುವುದು ಗಾಡಿಯ ಸಾಫ್ಟ್‌ವೇರ್ ಬರೆದವರ ಮರ್ಜಿ. ನಿಮ್ಮ ಸ್ಪೀಡ್ ಮುಳ್ಳು ಕೀ ಆಫ್ ಆಗುವ ತನಕ ಏಳದಿರುವುದಕ್ಕೆ ಇದು ಒಂದು ಕಾರಣ ಇರಬಹುದು.

ಇನ್ನೊಂದು ಕಾರಣವೂ ಇದೆ. ಇದೇ ಹೆಚ್ಚು ಸರಿ ಅಂತ ನನಗೆ ಅನಿಸುತ್ತಿದೆ. ನಿದ್ದೆ ಮಾಡಬಲ್ಲ ಚಿಪ್‌ಗಳು ಬೇರೆ ಇವೆ. ಇವು ಬ್ಯಾಟರಿಗೂ ನೇರ ಸೇರಿರುತ್ತವೆ, ಪೆಟ್ಟಿಗೆಯ ರೆಗ್ಯುಲೇಟರನ್ನೇ ಆನ್ ಆಫ್ ಮಾಡುತ್ತವೆ. 5 ವೋಲ್ಟ್ ಸ್ವಲ್ಪ ಹೊತ್ತು ಕುಸಿದರೆ ಇವು ಸಹಿಸಿಕೊಳ್ಳುತ್ತವೆ. ಟಿಜೆಎ1043ರಂಥ ಚಿಪ್‌ನಲ್ಲಿ ಕುಸಿತ 100ರಿಂದ 350 ಮಿಲಿಸೆಕೆಂಡ್ ದಾಟಿದರೆ, 'ಇದು ಕ್ಷಣದ ಕುಸಿತ ಅಲ್ಲ, ಏನೋ ಶಾರ್ಟ್ ಆಗಿದೆ, ಬ್ಯಾಟರಿ ಉಳಿಸಬೇಕು' ಅಂತ ತೀರ್ಮಾನಿಸಿ ಪೆಟ್ಟಿಗೆಯನ್ನೇ ಮಲಗಿಸುತ್ತೆ. ಎಬ್ಬಿಸಬೇಕಾದರೆ ಲೈನಿನ ಮೇಲೆ ಎಬ್ಬಿಸುವ ಸಂಕೇತ ಬರಬೇಕು, ಇಲ್ಲ ಕೀ ಆಫ್ ಆನ್ ಆಗಬೇಕು. ಸೆಲ್ಫ್ ಜೋರಾಗಿ ತಿರುಗಿ ಥಟ್ಟನೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕುಸಿತ ಕೆಲವು ಹತ್ತು ಮಿಲಿಸೆಕೆಂಡ್ ಇದ್ದು ಮೇಲೇರುತ್ತೆ. ಸೆಲ್ಫ್ 'ಊಂ... ಊಂ...' ಅಂತ ನರಳುವ ಗಾಡಿಯಲ್ಲಿ ಪ್ರತಿ ಕಂಪ್ರೆಷನ್‌ಗೂ ಇಳಿದು, ಹೊತ್ತು ಹೊತ್ತು ಕೆಳಗೇ ಕೂರುತ್ತೆ. ನಿಮ್ಮದು ಬೆಳಿಗ್ಗೆ ಹೇಗೆ ತಿರುಗುತ್ತೆ ಅಂತ ಬರೆದಿಲ್ಲ. ನಾಳೆ ಕಿವಿಗೊಟ್ಟು ಕೇಳಿ.

ಇನ್ನು ಆ 12.4 ವೋಲ್ಟ್ ಮಾತು. ಸುಮ್ಮನೆ ಕೂತ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ತೋರಿಸುತ್ತೆ. 12.4 ಅಂದರೆ ತುಂಬಿಲ್ಲ, ಖಾಲಿಯೂ ಆಗಿಲ್ಲ. ಆದರೆ ಇದು ಬ್ಯಾಟರಿಯ ಶಕ್ತಿ ಹೇಳುವ ಅಳತೆಯೇ ಅಲ್ಲ. ಜಗಲಿ ಮೇಲೆ ಕೂತವನನ್ನು ನೋಡಿ ಇವನು ಐವತ್ತು ಕೆಜಿ ಮೂಟೆ ಎತ್ತುತ್ತಾನೆ ಅನ್ನಲು ಆಗುತ್ತಾ? ಮೂಟೆ ಹೊರಿಸಿಯೇ ನೋಡಬೇಕು. ಲೋಡ್ ಟೆಸ್ಟರ್ ಹಾಕಿ, ಬ್ಯಾಟರಿ ಮೇಲೆ ಬರೆದ ಸಿಸಿಎ (ಚಳಿಯಲ್ಲಿ ಸೆಲ್ಫ್ ಹೊಡೆಯಲು ಕೊಡಬಲ್ಲ ಆಂಪಿಯರ್) ಅಂಕಿಯ ಅರ್ಧದಷ್ಟು ಆಂಪಿಯರ್ ಅನ್ನು 15 ಸೆಕೆಂಡ್ ಎಳೆದಾಗ 9.6 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಇದು ಹಳೆಯ, ನಂಬಬಹುದಾದ ಪರೀಕ್ಷೆ.

ಸಾದಾ ಮಲ್ಟಿಮೀಟರ್ ಹಿಡಿದು ಸೆಲ್ಫ್ ಹೊಡೆದರೆ ಸಾಲದಾ ಅಂತ ಕೇಳಬಹುದು. ಅದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತೆ. ಆಳದ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಿನ್-ಮ್ಯಾಕ್ಸ್ ಬಟನ್ ಇರುವ ಮೀಟರ್ ಪರವಾಗಿಲ್ಲ, ಆಸಿಲೋಸ್ಕೋಪ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಅಂದಹಾಗೆ ಇಸಿಯು ಮಾಡುವವರು ಈ ಕುಸಿತವನ್ನು ಬೇಕಂತಲೇ ಕೊಟ್ಟು ಪರೀಕ್ಷಿಸುತ್ತಾರೆ. ಅದಕ್ಕೆ ಐಎಸ್ಒ 16750-2 ಅಂತ ಒಂದು ಮಾನದಂಡ ಇದೆ. 12 ವೋಲ್ಟ್ ಗಾಡಿಗೆ ಅದರ ಒಂದು ಹಂತದಲ್ಲಿ ವೋಲ್ಟೇಜ್ 4.5ಕ್ಕೆ ಇಳಿಸಿ ಆಮೇಲೆ 6.5ರಲ್ಲಿ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲಿ ಮಾತು ನಿಂತರೆ ತಪ್ಪಿಲ್ಲ ಅಂತ ಬಿಟ್ಟಿರುವ ಪೆಟ್ಟಿಗೆಗಳೂ ಇವೆ, ತಾನಾಗಿ ವಾಪಸ್ ಬಂದರೆ ಸಾಕು. ಈ ಪರೀಕ್ಷೆಗಳನ್ನು ನಾನೇ ನೂರಾರು ಸಲ ಓಡಿಸಿದ್ದೇನೆ. ಬೆಂಚಿನ ಮೇಲೆ ಪಾಸಾದ ಪೆಟ್ಟಿಗೆ ಮಲೆನಾಡಿನ ಗಾಡಿಯಲ್ಲಿ ಯಾಕೆ ಎಡವುತ್ತೆ ಅಂದರೆ, ಬೆಂಚಿನ ಮೇಲೆ ತುಕ್ಕು ಹಿಡಿದ ಅರ್ಥ್ ಇರುವುದಿಲ್ಲ.

ಹೌದು, ನನ್ನ ಅನುಮಾನ ಅರ್ಥ್ ಮೇಲೆ. ನಮ್ಮ ಚಳಿ ದೊಡ್ಡ ಚಳಿಯೇನಲ್ಲ. ಬ್ಯಾಟರಿ ಕೊಲ್ಲುವಂಥದ್ದು ಹಿಮ ಬೀಳುವ ಊರಿನ ಚಳಿ. ನಮ್ಮಲ್ಲಿ ಗಾಡಿ ತಿನ್ನುವುದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ, ಕೆಸರು, ಒಣಗದ ತೇವ. ಅರ್ಥ್ ಬೋಲ್ಟಿನ ಕೆಳಗೆ ಹಸಿರು ಪುಡಿ ಕೂರುತ್ತೆ. ಮಳೆಗಾಲದಲ್ಲಿ ಕೂತದ್ದು ಡಿಸೆಂಬರ್ ಬೆಳಿಗ್ಗೆ ಲೆಕ್ಕ ಕೇಳುತ್ತೆ. ಇನ್ನೊಂದು ವಿಷಯ, ಸೆಲ್ಫ್ ಮೋಟರ್ ಕರೆಂಟ್ ಇಂಜಿನ್‌ನಿಂದ ದಪ್ಪ ಅರ್ಥ್ ಪಟ್ಟಿ ಮೂಲಕ ಬ್ಯಾಟರಿಗೆ ಹೋಗಬೇಕು. ಆ ಪಟ್ಟಿ ಸಡಿಲ ಆದರೆ ಕರೆಂಟ್ ಬಾಡಿ ಮೂಲಕ ಅಡ್ಡದಾರಿ ಹುಡುಕುತ್ತೆ. ಆಗ ಮೀಟರ್ ಬೋರ್ಡ್, ಎಬಿಎಸ್ ಅರ್ಥ್ ಎಲ್ಲಾ ಮೇಲೆದ್ದು ಕೂರುತ್ತವೆ.

ನಿಮ್ಮ ಎಲ್‌ಇಡಿ ಬಾರ್‌ನ ಅರ್ಥ್ ಎಲ್ಲಿ ಕೊಟ್ಟಿದ್ದಾರೆ ನೋಡಿ. ಕೈಗೆ ಸಿಕ್ಕ ಬೋಲ್ಟ್ ಬಿಚ್ಚಿ ಲಗ್ ತೂರಿಸಿ ವಾಪಸ್ ಬಿಗಿಯುವುದು ನಮ್ಮ ಕಡೆ ಮಾಮೂಲು. ಆ ಬೋಲ್ಟ್ ಎಬಿಎಸ್‌ದೋ ಮೀಟರ್ ಬೋರ್ಡ್‌ದೋ ಆಗಿದ್ದರೆ, ಅರ್ಧ ಬಿಗಿದು ಬಿಟ್ಟಿದ್ದರೆ, ನಿಮ್ಮ ಕಥೆ ಅಲ್ಲಿಂದಲೇ ಶುರು. ಟ್ರ್ಯಾಕರ್ ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತೆ. ದಿನಾ ಓಡುವ ಗಾಡಿಗೆ ಅದು ಲೆಕ್ಕಕ್ಕಿಲ್ಲ. ತೋಟದೊಳಗೇ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಡೈನಮೋ ಅದನ್ನು ತುಂಬಿಕೊಡುವಷ್ಟು ಹೊತ್ತು ಸಿಗಲ್ಲ.

ಮಾಡಬೇಕಾದ ಕೆಲಸ ಹೀಗೆ. ಮೊದಲು ಬ್ಯಾಟರಿ ಟರ್ಮಿನಲ್, ಇಂಜಿನ್ ಅರ್ಥ್ ಪಟ್ಟಿ, ಬಾಡಿ ಅರ್ಥ್ ಬೋಲ್ಟ್‌ಗಳನ್ನು ಬಿಚ್ಚಿ, ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಖರ್ಚು ಏನೂ ಇಲ್ಲ ಅನ್ನಬಹುದು. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಅಪಾಯ ಅಂದರೆ ಕೆಲವು ಗಾಡಿಗಳಲ್ಲಿ ರೇಡಿಯೋ ಕೋಡ್, ಕಿಟಕಿ ಸೆಟ್ಟಿಂಗ್ ಹೋಗುತ್ತೆ, ಅಷ್ಟೇ. ಆಮೇಲೆ ಮೀಟರ್‌ನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಆಸುಪಾಸು ಇರಬೇಕು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಅದೇ ಅಳತೆಯನ್ನು ಬಾಡಿಗೂ ಮಾಡಿ.

ಅದಾದ ಮೇಲೂ ಬಂದರೆ ಬ್ಯಾಟರಿ ಲೋಡ್ ಟೆಸ್ಟ್. ಫೇಲಾದರೆ ಕಂಪನಿ ಹೇಳಿದ ಅಳತೆಯದ್ದೇ ಹಾಕಿಸಿ. ಬ್ಯಾಟರಿ ಹೊಸದಾದರೂ ಸೆಲ್ಫ್ ನರಳಿದರೆ ಮೋಟರ್ ಬುಷ್ ಸವೆದು ಕರೆಂಟ್ ಜಾಸ್ತಿ ಎಳೆಯುತ್ತಿರಬಹುದು. ಇಷ್ಟರಲ್ಲಿ ಹೆಚ್ಚಿನ ಗಾಡಿಗಳು ಮಾತಿಗೆ ಬಂದುಬಿಡುತ್ತವೆ.

ಸಿಗರೇಟ್ ಲೈಟರ್‌ಗೆ ಚುಚ್ಚುವ 'ವೋಲ್ಟೇಜ್ ಸ್ಟೆಬಿಲೈಜರ್' ಕೊಳ್ಳಬೇಡಿ. ಒಳಗೆ 0.1 ಫ್ಯಾರಡ್ ಕೆಪಾಸಿಟರ್ ಇದೆ ಅಂತಲೇ ಇಟ್ಟುಕೊಳ್ಳಿ. 200 ಆಂಪಿಯರ್ ಎಳೆಯುವ ಸೆಲ್ಫ್ ಎದುರು 2 ವೋಲ್ಟ್ ಕುಸಿತ ತಡೆಯಲು ಅದು ನಿಲ್ಲುವುದು ಒಂದೇ ಒಂದು ಮಿಲಿಸೆಕೆಂಡ್.

ಚಿಪ್ ನಿಜವಾಗಲೂ ಸುಡುವುದು ಯಾವಾಗ? ವೋಲ್ಟೇಜ್ ಏರಿದಾಗ. ಡೈನಮೋ ನೋಡಲು ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ತೋರಿಸುವ ಹಳೆ ಮೇಸ್ತ್ರಿಗಳಿದ್ದಾರೆ. ಒಳಗೆ ತಡೆ ಇಲ್ಲದ ಡೈನಮೋದಲ್ಲಿ ಆ ಕ್ಷಣ 80 ವೋಲ್ಟ್ ಕೂಡ ದಾಟಬಹುದು. ಯಾರಿಗೂ ಅದನ್ನು ಮಾಡಲು ಬಿಡಬೇಡಿ. ಲೋ ವೋಲ್ಟೇಜ್ ಇಸಿಯು ಕೊಲ್ಲುವ ಒಂದು ಸಂದರ್ಭವೂ ಇದೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುತ್ತಿರುವಾಗ ಬ್ಯಾಟರಿ ಕುಸಿದರೆ ಬರೆದದ್ದು ಅರ್ಧಕ್ಕೆ ನಿಂತು ಪೆಟ್ಟಿಗೆ ಏಳುವುದೇ ಇಲ್ಲ. ಅಪ್‌ಡೇಟ್ ಮಾಡಿಸಿದರೆ ಚಾರ್ಜರ್ ಹಾಕಿಯೇ ಮಾಡಿ ಅನ್ನಿ.

ಚಿಪ್ ಒಂದನ್ನೇ ಬದಲಿಸಬಹುದಾ ಅಂತ ಕೇಳಿದ್ದೀರಿ. ಬದಲಿಸಬಹುದು, ಆದರೆ ಚಿಪ್ಪೇ ಹೋಗಿದೆ ಅಂತ ಖಚಿತ ಆಗಬೇಕು. ಇಂಜಿನ್ ಓಡುತ್ತಾ 14 ವೋಲ್ಟ್ ಇರುವಾಗಲೂ, ಮಧ್ಯಾಹ್ನವೂ, ಅದೇ ಒಂದು ಪೆಟ್ಟಿಗೆ ಮಾತಾಡದಿದ್ದರೆ ಅನುಮಾನ ಪಡಬಹುದು. ಅದಕ್ಕೂ ಮೊದಲು ಬ್ಯಾಟರಿ ಬಿಚ್ಚಿ ಸ್ಕ್ಯಾನರ್ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ನೋಡಿ. ಹೆಚ್ಚಿನ ಗಾಡಿಗಳಲ್ಲಿ 60 ಬರಬೇಕು, ಲೈನಿನ ಎರಡು ತುದಿಯಲ್ಲಿ 120ರ ರೆಸಿಸ್ಟರ್ ಇರುವುದರಿಂದ. 120 ಬಂದರೆ ಒಂದು ತುದಿ ಕಳಚಿದೆ, ಅದು ವೈರಿಂಗ್ ದೋಷ.

ಬದಲಿಸುವಾಗ ಒಂದು ಬಲೆ ಇದೆ. ಈ ಎಂಟು ಕಾಲಿನ ಚಿಪ್‌ಗಳೆಲ್ಲ ನೋಡಲು ಒಂದೇ ಥರ. ಆದರೆ 5ನೇ ಕಾಲು ಒಂದರಲ್ಲಿ ಖಾಲಿ, ಇನ್ನೊಂದರಲ್ಲಿ ಲೈನಿನ ನಡು ವೋಲ್ಟೇಜ್ ಕೊಡುವ ಕಾಲು, ಮತ್ತೊಂದರಲ್ಲಿ ಮೆದುಳಿನ 3.3 ವೋಲ್ಟ್ ತೆಗೆದುಕೊಳ್ಳುವ ಕಾಲು. ಒಮ್ಮೆ ಬೇರೆ ಕಡೆ ಚಿಪ್ ಬದಲಿಸಿದ ಪೆಟ್ಟಿಗೆ ನನ್ನ ಹತ್ತಿರ ಬಂತು. ಬೆಸುಗೆ ಚಂದ, ಚಿಪ್ ಹೊಸದು, ಆದರೆ ಮೂಕ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ 3.3 ಬೇಕಾದ ಮಾದರಿಯನ್ನು, 5ನೇ ಕಾಲಿಗೆ ಏನೂ ಬರದ ಬೋರ್ಡಿಗೆ ಹಾಕಿದ್ದರು. ಚಿಪ್ ಪಾಲಿಗೆ ಅದು ಶಾಶ್ವತ ಲೋ ವೋಲ್ಟೇಜ್. ಅದು ಬಾಯಿ ಬಿಡುವುದಾದರೂ ಹೇಗೆ? ಅದಕ್ಕೇ ಮಾದರಿ ಸಂಖ್ಯೆಯ ಕೊನೆಯ ಅಕ್ಷರದ ತನಕ ಹೊಂದಬೇಕು. ಹೊಸ ಇಸಿಯು ಹಾಕಿಸಿದರೆ ಇಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಕೋಡಿಂಗ್ ಬೇಕು, ಖರ್ಚು ಜಾಸ್ತಿ. ಅರ್ಥ್ ಸರಿಯಿಲ್ಲದಿದ್ದರೆ ಹೊಸದೂ ಅದೇ ಬೆಳಿಗ್ಗೆ ಅದೇ ಆಟ ಆಡುತ್ತೆ.

ಒಂದು ಎಚ್ಚರಿಕೆ. ಈ ದೀಪಗಳು ಸ್ಟಾರ್ಟ್ ಮಾಡುವಾಗ ಬಂದು ಹೋದರೆ ಗಾಬರಿ ಬೇಡ. ಓಡುವಾಗ, ಗುಂಡಿ ಹಾರಿದಾಗ ಬಂದರೆ ಮಾತ್ರ ಲೆಕ್ಕ ಬೇರೆ. ಆಗ ಸಡಿಲ ಅರ್ಥ್ ಇಂಜಿನ್ ಓಡುವಾಗಲೂ ಕೈ ಕೊಡುತ್ತಿದೆ. ಸ್ಟೀರಿಂಗ್ ಮೋಟರ್, ಎಬಿಎಸ್ ನಡುದಾರಿಯಲ್ಲಿ ಕೆಲಸ ಬಿಡಬಹುದು. ಅಂಥ ಗಾಡಿಯಲ್ಲಿ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯಬೇಡಿ. ಎಬಿಎಸ್ ದೀಪ ಉಳಿದೇ ಹೊರಟ ದಿನವೂ ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ದೀಪ ಆರಿದ ಮೇಲೆ ಹೊರಡಿ.

ಎಲ್‌ಇಡಿ ಬಾರ್ ತೆಗೆಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ಬೇಡ. ಕತ್ತಲಲ್ಲಿ ತಿರುವಿನಾಚೆ ಆನೆ ನಿಂತಿದೆಯಾ ಅಂತ ನೋಡಲು ಅದು ಬೇಕು. ಪ್ಲಸ್ ವೈರ್ ಬ್ಯಾಟರಿಯಿಂದಲೇ ಪ್ರತ್ಯೇಕ ಫ್ಯೂಸ್, ರಿಲೇ ಹಾಕಿ ತನ್ನಿ. ಅರ್ಥ್ ಕೂಡ ಗಾಡಿಯ ಬೇರೆ ಯಾವ ಬೋಲ್ಟಿಗೂ ಕೊಡದೆ, ಬ್ಯಾಟರಿ ಮೈನಸ್ ಕೇಬಲ್ ಬಾಡಿಗೆ ಸೇರುವ ಜಾಗಕ್ಕೇ ಕೊಡಿಸಿ. ರಿಲೇ ಕಾಯಿಲ್ ಕೀ ಲೈನಿನಿಂದ ಬರಲಿ, ಸೆಲ್ಫ್ ಹೊಡೆಯುವಾಗ ಸ್ವಿಚ್ ಆಫ್ ಇರಲಿ.